ಕರಗಿದ ಐವತ್ತೆರಡು ಕಿಲೋ

ಮಾರ್ಚ್ ೧೨, ಬೆಳಿಗ್ಗೆ ೧೧:೨೦. ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಹೊಸ ಬಟ್ಟೆ ತೊಟ್ಟಿದ್ದಳು. ಆದರೆ ಅದನ್ನು ತೊಟ್ಟು ಎರಡು ದಿನವಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಎದ್ದ ಸುಕ್ಕು ಅದರ ತುಂಬ ಇತ್ತು. ವಯಸ್ಸು ಮೂವತ್ತೆಂಟರ ಆಸುಪಾಸು. ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಎಲ್ಲರ ಬಾಯಲ್ಲಿ ಟೈಲರಮ್ಮ. ದೂರು ಬರೆದುಕೊಳ್ಳುವ ರೈಟರ್ ಎದುರು ಕುಳಿತವಳೇ ಅಂದಳು:

“ಆ ಡಾಕ್ಟರ ಮೇಲೆ ಕೇಸ್ ಹಾಕ್ಬೇಕು. ಆಪರೇಷನ್ ಮಾಡಿ ಮನುಷ್ಯನ್ನೇ ಕೊಂದುಹಾಕಿದ್ರು.”

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಎದ್ದು ಬಂದ. ಐವತ್ತೊಂದರ ಮನುಷ್ಯ; ಏಳು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ವರ್ಷದಿಂದ ಇನ್ಸುಲಿನ್. ಎದುರಿನ ಕುರ್ಚಿ ಎಳೆದುಕೊಂಡು ಕುಳಿತ.

“ಸತ್ತವರು ನಿಮಗೇನಾಗ್ಬೇಕು?”

“ಆಗ್ಬೇಕಿತ್ತು ಸಾರ್. ಮೊನ್ನೆ ಹತ್ತನೇ ತಾರೀಕು, ಹತ್ತೂವರೆಗೆ ನೋಂದಣಿ ಕಚೇರಿಯಲ್ಲಿ ನಮ್ಮ ಮದುವೆ ಇತ್ತು.”

ಸತ್ತವನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ವಯಸ್ಸು ನಲವತ್ಮೂರು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಮಿಷನ್ ಅಣ್ಣ ಎಂದು. ಒಂದು ಕಾಲಕ್ಕೆ ನೂರ ನಲವತ್ತೆಂಟು ಕಿಲೋ ತೂಗುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಕುಳಿತಲ್ಲೇ ಕೆಲಸ. ಯಂತ್ರಗಳೇ ಅವನ ಬಳಿಗೆ ಬರಬೇಕಿತ್ತು. ಕಳೆದ ಸೆಪ್ಟೆಂಬರ್ ಆರರಂದು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆರು ತಿಂಗಳಲ್ಲಿ ಐವತ್ತೆರಡು ಕಿಲೋ ಕರಗಿತು. ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿ ಅಂಗಡಿಗೆ ತಾನೇ ಹೋಗಿ ರಿಪೇರಿ ಮಾಡತೊಡಗಿದ. ಟೈಲರಮ್ಮನ ಅಂಗಡಿಗೆ ಹೋಗುವುದು ಮಾತ್ರ, ಯಂತ್ರ ಕೆಡದಿದ್ದರೂ, ತಪ್ಪುತ್ತಿರಲಿಲ್ಲ.

“ನಡುವೆ ಮೂರು ಸಲ ತಲೆ ಸುತ್ತಿ ಬಿದ್ರು. ಮೈಯೆಲ್ಲ ಬೆವರು, ಕೈ ನಡುಕ. ಡಾಕ್ಟರು, ಆಪರೇಷನ್ ಆದವರಿಗೆ ಹಂಗಾಗುತ್ತೆ, ಸರಿಹೋಗುತ್ತೆ ಅಂದ್ರು. ಮೊನ್ನೆ ಸ್ನಾನದ ಮನೇಲಿ ಬಿದ್ದೋರು ಮತ್ತೆ ಕಣ್ಣೇ ಬಿಡ್ಲಿಲ್ಲ. ಇವತ್ತು ಬೆಳಿಗ್ಗೆ ಐದು ಗಂಟೆಗೆ ಹೋಗ್ಬಿಟ್ರು.”

“ಮನೇಲಿ ಇನ್ಯಾರಿದ್ದಾರೆ?”

“ಅವರಕ್ಕ. ಸಾಕಿ ಬೆಳೆಸಿದೋರು. ಪಾಪ, ಅವರಿಗೆ ಮಾತೇ ಹೊರಡ್ತಿಲ್ಲ.”

ಅಸ್ವಾಭಾವಿಕ ಸಾವೆಂದು ದೂರು ದಾಖಲಾಯಿತು. ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲಾಯಿತು.

ಮಧ್ಯಾಹ್ನ ಆಸ್ಪತ್ರೆಗೆ ಹೋಗುವಾಗ ಜೀಪಿನಲ್ಲಿ ದಫೇದಾರ ಬಾಯಿಬಿಟ್ಟ. “ಹೊಟ್ಟೆ ಕೊಯ್ಸ್ಕೊಂಡು ಸಣ್ಣ ಆಗೋದಂತೆ! ಬಾಯಿ ಕಟ್ಟಿದ್ರೆ ಸಾಲ್ತಿರ್ಲಿಲ್ವಾ ಸಾರ್?”

“ನೀವು ಸಿಗರೇಟ್ ಬಿಟ್ರಾ?”

“ಇಲ್ಲ ಸಾರ್.”

“ಮತ್ತೆ ಸುಮ್ನೆ ಬನ್ನಿ.”

ಸರ್ಜನ್ ಕಡತ ತೆರೆದಿಟ್ಟುಕೊಂಡೇ ಕಾಯುತ್ತಿದ್ದ. ಯಾವ ಬೀದಿ ಮಾತಿಗೂ ಹೆದರುವವನಲ್ಲ ಎಂಬ ಗತ್ತು ಮುಖದಲ್ಲಿತ್ತು, ಬೆರಳುಗಳಲ್ಲಿ ಮಾತ್ರ ಇರಲಿಲ್ಲ. ಕಡತದ ಮೂಲೆಯನ್ನು ಅವು ಮಡಿಸಿ ಬಿಡಿಸಿ ಮಾಡುತ್ತಿದ್ದವು.

“ಬಾಯಿ ಕಟ್ಟದ ಮನುಷ್ಯ ಅಂದ್ಕೋಬೇಡಿ,” ಎಂದ. “ಹದಿನಾಲ್ಕು ವರ್ಷ ಪಥ್ಯ ಮಾಡಿದ್ರು. ಬೊಜ್ಜು ಅನ್ನೋದು ಸೋಮಾರಿತನ ಅಲ್ಲ, ಕಾಯಿಲೆ. ಜಠರವನ್ನ ಮೊಟ್ಟೆಯಷ್ಟು ಚೀಲ ಮಾಡಿ, ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸ್ತೀವಿ. ಹಸಿವು ಹುಟ್ಟಿಸೋ ರಸಗಳೇ ಬದಲಾಗುತ್ತವೆ. ಇವರಿಗೆ ಸಕ್ಕರೆ ಕಾಯಿಲೆಯೂ ಇತ್ತು; ತೂಕ ಇಳಿಯೋಕೆ ಮುಂಚೆನೇ ಸಕ್ಕರೆ ಇಳೀತು. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಇನ್ಸುಲಿನ್ ಪೂರ್ತಿ ನಿಲ್ಲಿಸಿದ್ವಿ. ನೋಡಿ, ಇಲ್ಲಿ ಅವರಕ್ಕನ ಸಹಿಯೂ ಇದೆ.”

“ಅಕ್ಕನ ಸಹಿ ಯಾಕೆ?”

“ಮನೇಲಿ ಇಂಜೆಕ್ಷನ್ ಕೊಡ್ತಿದ್ದೋರು ಅವರೇ.”

“ತಲೆಸುತ್ತು?”

“ಇಂಥ ಆಪರೇಷನ್ ಆದ ಕೆಲವರಿಗೆ ಊಟವಾಗಿ ಒಂದೆರಡು ಗಂಟೆಗೆ ಸಕ್ಕರೆ ಏಕಾಏಕಿ ಇಳಿಯುತ್ತೆ. ಸ್ವಲ್ಪ ಸ್ವಲ್ಪ ತಿನ್ನಿ ಅಂತ ಹೇಳಿದ್ದೆ.”

ಇನ್‌ಸ್ಪೆಕ್ಟರ್ ದೂರಿನ ಪ್ರತಿ ತೆಗೆದ. “ಜನವರಿ ಹನ್ನೊಂದು, ಬೆಳಿಗ್ಗೆ ಆರೂವರೆ. ಫೆಬ್ರವರಿ ಎರಡು, ಏಳು ಗಂಟೆ. ಫೆಬ್ರವರಿ ಇಪ್ಪತ್ನಾಲ್ಕು, ಆರೂಮುಕ್ಕಾಲು. ಆ ಹೊತ್ತಿಗೆ ಊಟ ಎಲ್ಲಿ ಬಂತು ಡಾಕ್ಟ್ರೇ?”

ಕಡತದ ಮೂಲೆ ಮಡಿಸುತ್ತಿದ್ದ ಬೆರಳು ನಿಂತಿತು.

“ಬರಿ ಹೊಟ್ಟೇಲಿ ಹಾಗಾಗಬಾರದು,” ಎಂದ ಸರ್ಜನ್ ನಿಧಾನವಾಗಿ. “ನಾನು ಹೊತ್ತು ಕೇಳಲೇ ಇಲ್ಲ. ಕೇಳಬೇಕಿತ್ತು.” ಫೋನೆತ್ತಿದ. ಹತ್ತನೇ ತಾರೀಕು ತುರ್ತು ವಿಭಾಗದಲ್ಲಿ ತೆಗೆದ ರಕ್ತದ ಮಾದರಿ ಪ್ರಯೋಗಾಲಯದ ಫ್ರೀಜರಿನಲ್ಲಿ ಇನ್ನೂ ಇತ್ತು. ಆಸ್ಪತ್ರೆಗೆ ಬರುವಾಗ ಅವನ ಸಕ್ಕರೆ ಇಪ್ಪತ್ತೆರಡು; ಇರಬೇಕಾದ್ದರ ಕಾಲು ಭಾಗ.

“ದೇಹ ತಾನೇ ಇನ್ಸುಲಿನ್ ಮಾಡಿದಾಗ ಸಿ-ಪೆಪ್ಟೈಡ್ ಅನ್ನೋದೂ ಜೊತೆಜೊತೆಗೆ ಹುಟ್ಟುತ್ತೆ. ಹೊರಗಿಂದ ಚುಚ್ಚಿದ ಇನ್ಸುಲಿನ್ನಲ್ಲಿ ಅದು ಇರಲ್ಲ. ಎರಡನ್ನೂ ಅಳೆಸೋಣ.”

ಮಾದರಿಗೆ ಮೊಹರು ಬಿತ್ತು. ಇನ್‌ಸ್ಪೆಕ್ಟರ್ ಬಾಗಿಲವರೆಗೆ ಹೋದವನು ತಿರುಗಿದ.

“ಇನ್ಸುಲಿನ್ ನಿಲ್ಲಿಸಿದ ಮೇಲೆ ಇವರಿಗೆ ಬೇರೆ ಇಂಜೆಕ್ಷನ್ ಏನಾದ್ರೂ ಇತ್ತಾ? ವಿಟಮಿನ್ ಥರದ್ದು?”

“ಇದೆ. ಮೂರು ತಿಂಗಳಿಗೊಂದು, ಇಲ್ಲೇ ಆಸ್ಪತ್ರೇಲಿ. ಮನೆಗೆ ಬರೀ ಮಾತ್ರೆ.”

ಮಾರ್ಚ್ ೧೩. ಮರಣೋತ್ತರ ವರದಿ ಬಂತು. ಶಸ್ತ್ರಚಿಕಿತ್ಸೆಯ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಹಣೆಯ ಮೇಲೆ ತರಚು ಗಾಯವೊಂದು. ಸಾವಿಗೆ ಕಾರಣ, ಸಕ್ಕರೆಯಿಲ್ಲದೆ ಬಹಳ ಹೊತ್ತು ನರಳಿದ ಮೆದುಳು. ಮಹಿಳಾ ಪೇದೆ ಟೈಲರಮ್ಮನನ್ನು ಮತ್ತೆ ಕೂರಿಸಿಕೊಂಡು ಅವನು ತಲೆ ಸುತ್ತಿ ಬಿದ್ದ ಆ ಮೂರು ದಿನಗಳ ವಿವರ ಬರೆದುಕೊಂಡಳು. ಸಂಜೆ ನಾಲ್ಕಕ್ಕೆ ಆ ಹಾಳೆ ಇನ್‌ಸ್ಪೆಕ್ಟರನ ಮೇಜಿನ ಮೇಲಿತ್ತು.

“ಸಾರ್, ಜನವರಿ ಹನ್ನೊಂದಕ್ಕೆ ಇಬ್ರೂ ಬಾಡಿಗೆ ಮನೆ ನೋಡೋಕೆ ಹೊರಟಿದ್ರು. ಫೆಬ್ರವರಿ ಎರಡಕ್ಕೆ ಬಟ್ಟೆ ಕಾರ್ಖಾನೆಯಲ್ಲಿ ಅವರ ಕೆಲಸದ ಮೊದಲನೇ ದಿನ. ಇಪ್ಪತ್ನಾಲ್ಕಕ್ಕೆ ಮದುವೆ ಬಟ್ಟೆ ತರೋಕೆ ಹೊರಟಿದ್ರು. ಎಲ್ಲಾದ್ರೂ ಹೊರಡೋ ದಿನವೇ ಬೀಳ್ತಿದ್ರು. ಹೊರಗಡೆ ಒಂದು ಸಲಾನೂ ಬಿದ್ದಿಲ್ಲ,” ಎಂದಳು ಪೇದೆ.

“ವಿಟಮಿನ್ ಸೂಜಿ ಬಗ್ಗೆ ಕೇಳಿದ್ಯಾ?”

“ಅಕ್ಕ ಆಗಾಗ ಹಾಕ್ತಿದ್ರಂತೆ. ‘ಶಕ್ತಿಗೆ’ ಅಂತ ಅವರೇ ಟೈಲರಮ್ಮನ ಹತ್ರ ಹೇಳಿದ್ರಂತೆ.”

ಇನ್‌ಸ್ಪೆಕ್ಟರ್ ಹಾಳೆಯನ್ನು ಎರಡು ಸಲ ಓದಿದ. ದಿನ ಬೆಳಗಾದರೆ ಅವನ ಹೆಂಡತಿಯೂ ಇನ್ಸುಲಿನ್ ಪೆನ್ನಿನ ತಲೆ ತಿರುಗಿಸಿ ಪ್ರಮಾಣ ಹೊಂದಿಸಿ, ಎಷ್ಟೆಂದು ತೋರಿಸದೆಯೇ ಅವನ ಹೊಟ್ಟೆಗೆ ಚುಚ್ಚುತ್ತಿದ್ದಳು. ಅವನು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಮಾರ್ಚ್ ೧೪, ಬೆಳಿಗ್ಗೆ ೧೦:೦೫. ಮಿಷನ್ ಅಣ್ಣನ ಮನೆಯ ಶೋಧ. ಅದಕ್ಕೆ ಸಾಕ್ಷಿ ನಿಲ್ಲುವ ಪಂಚರಾಗಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಎದುರು ಮಳಿಗೆಯ ಬಡಗಿ. ಅಕ್ಕ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತಳು. ಐವತ್ತಾರರ ಸಣಕಲು ಹೆಂಗಸು. ಮುಂಗೈಗಳು ಮಾತ್ರ ಭಾರ ಎತ್ತಿ ಎತ್ತಿ ಗಂಡಸಿನ ಕೈಯಂತಾಗಿದ್ದವು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಎಣ್ಣೆ ಡಬ್ಬಿ, ಕಬ್ಬಿಣದ ಪಟ್ಟಿ ಬಿಗಿದ ಅಗಲವಾದ ಕುರ್ಚಿ. ಒಳಗೆ ತಮ್ಮನ ಹಳೆಯ ಅಂಗಿಗಳು ಇಸ್ತ್ರಿಯಾಗಿ ಮಡಿಸಿಟ್ಟಿದ್ದವು. ಒಂದೊಂದರಲ್ಲೂ ಇಬ್ಬರು ಹಿಡಿಯುವಂತಿತ್ತು.

ಸ್ನಾನದ ಮನೆಯ ಬಾಗಿಲು ಒಡೆದಿತ್ತು. ಒಳಗಡೆ ಫಳಫಳ ಹೊಸ ಚಿಲಕ.

“ಇದು ಯಾವಾಗ ಹಾಕಿದ್ದು?”

ಬಡಗಿ ಉತ್ತರಿಸಿದ. “ಹೋದ ತಿಂಗಳು ಸಾರ್. ನನ್ನತ್ರಾನೇ ಸ್ಕ್ರೂ ಇಸ್ಕೊಂಡು ಹೋಗಿ ಅಣ್ಣ ತಾವೇ ಹಾಕ್ಕೊಂಡ್ರು. ಮುಂಚೆ ಈ ಬಾಗಿಲಿಗೆ ಚಿಲಕಾನೇ ಇರ್ಲಿಲ್ಲ. ಸ್ನಾನ ಮಾಡ್ಸೋಕೆ ಅಕ್ಕ ಹೋಗ್ಬೇಕಿತ್ತಲ್ಲ.”

“ಹತ್ತನೇ ತಾರೀಕು ಬಾಗಿಲು ಒಡೆದಿದ್ದು ನೀನೇ?”

“ಹೌದು ಸಾರ್. ಒಂಬತ್ತು ಗಂಟೆ ಹತ್ತು ನಿಮಿಷ. ಟೈಲರಮ್ಮ ಓಡ್ಬಂದು ಕರೆದ್ರು.”

“ಅಕ್ಕ ಕರೀಲಿಲ್ವಾ?”

“ನಾನು ಏಳಕ್ಕೇ ಮಳಿಗೆ ತೆಗ್ದಿದ್ದೆ ಸಾರ್. ಯಾರೂ ಕರೀಲಿಲ್ಲ.” ಬಡಗಿ ಅಕ್ಕನ ಕಡೆ ನೋಡಿ ಕಣ್ಣು ತಗ್ಗಿಸಿದ. “ನಾವು ಬಂದಾಗ ಅವರು ಸಕ್ಕರೆ ನೀರಿನ ಲೋಟ ಹಿಡ್ಕೊಂಡು ಬಾಗಿಲ ಹತ್ರ ನಿಂತಿದ್ರು.”

ಫ್ರಿಜ್ಜಿನ ಬಾಗಿಲಲ್ಲಿ, ಸಾಸ್ ಬಾಟಲಿಯ ಹಿಂದೆ, ಮಹಿಳಾ ಪೇದೆಗೆ ಇನ್ಸುಲಿನ್ ಪೆನ್ನೊಂದು ಸಿಕ್ಕಿತು. ಅದು ಎಂಥದ್ದೆಂದು ಇನ್‌ಸ್ಪೆಕ್ಟರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲಿದ್ದ ಔಷಧಿ ಅಂಗಡಿಯ ಚೀಟಿಯಲ್ಲಿ ತಾರೀಕಿತ್ತು: ಫೆಬ್ರವರಿ ೨೦. ಡಾಕ್ಟರು ಇನ್ಸುಲಿನ್ ನಿಲ್ಲಿಸಿ ಐದು ತಿಂಗಳಾದ ಮೇಲೆ. ಪೆನ್ನು ಪಂಚನಾಮೆಯಲ್ಲಿ ನಮೂದಾಯಿತು, ಪಂಚರು ಸಹಿ ಹಾಕಿದರು. ಅಕ್ಕ ಅದನ್ನೆಲ್ಲ ಬೇರೆ ಯಾರದೋ ಮನೆಯ ವ್ಯವಹಾರದಂತೆ ನೋಡುತ್ತ ನಿಂತಿದ್ದಳು.

ಔಷಧಿ ಅಂಗಡಿಯವನು ಪುಸ್ತಕ ತೋರಿಸಿದ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಒಂದು, ಫೆಬ್ರವರಿ ಇಪ್ಪತ್ತಕ್ಕೆ ಇನ್ನೊಂದು. “ಅವರಕ್ಕ ಹದಿನಾಲ್ಕು ವರ್ಷದಿಂದ ತಗೊಂಡು ಹೋಗ್ತಾರೆ ಸಾರ್. ಡಾಕ್ಟರ್ ಬರೆದ ಹಳೇ ಚೀಟಿನೇ ತಂದ್ರು, ಕೊಟ್ವಿ.”

ಮಾರ್ಚ್ ೧೭, ಮಧ್ಯಾಹ್ನ ೨:೩೦. ಪ್ರಯೋಗಾಲಯದ ವರದಿ ಒಂದೇ ಹಾಳೆ. ಇನ್ಸುಲಿನ್ ವಿಪರೀತ, ಸಿ-ಪೆಪ್ಟೈಡ್ ಇಲ್ಲವೆನ್ನುವಷ್ಟು ಕಡಿಮೆ. ಅಸ್ವಾಭಾವಿಕ ಸಾವಿನ ಪ್ರಕರಣ ಎಫ್‌ಐಆರ್ ಆಗಿ ಬದಲಾಯಿತು. ಸರ್ಜನ್ನನ ಹೆಸರು ಅದರಲ್ಲಿ ಇರಲಿಲ್ಲ.

೩:೧೫ಕ್ಕೆ ಅಕ್ಕ ಠಾಣೆಗೆ ಬಂದಳು. ಪಕ್ಕದಲ್ಲಿ ಮಹಿಳಾ ಪೇದೆ. ಇನ್‌ಸ್ಪೆಕ್ಟರ್ ವರದಿಯನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟ.

“ಅಕ್ಕಾ, ಹತ್ತನೇ ತಾರೀಕು ಎಷ್ಟು ಕೊಟ್ರಿ?”

ಆಕೆ ಸುತ್ತಿ ಬಳಸಲಿಲ್ಲ. “ಇಪ್ಪತ್ತು ಯೂನಿಟ್.”

“ಅದಕ್ಕೆ ಮುಂಚೆ?”

“ಮೂರು ಸಲಾನೂ ಎಂಟು. ಎಂಟಕ್ಕೆ ಸ್ವಲ್ಪ ಬೆವರೋದು, ಕೂತ್ಕೊಳ್ಳೋದು. ಸಕ್ಕರೆ ನೀರು ಕುಡಿಸಿ, ತಲೆ ತೊಡೆ ಮೇಲೆ ಇಟ್ಕೊಂಡ್ರೆ ಕಾಲು ಗಂಟೇಲಿ ಸರಿಹೋಗೋನು. ಆಮೇಲೆ ದಿನವೆಲ್ಲ ಮನೇಲೇ ಇರೋನು.”

“ಅವರಿಗೆ ಏನಂತ ಹೇಳಿದ್ರಿ?”

“ವಿಟಮಿನ್ ಅಂದೆ. ನಂಬ್ದ. ನಾನು ಕೊಟ್ಟಿದ್ದನ್ನ ಯಾವತ್ತು ನಂಬ್ಲಿಲ್ಲ ಅವ್ನು?”

“ಈ ಸಲ ಇಪ್ಪತ್ತು ಯಾಕೆ?”

“ಈ ಸಲ ಹೋದ್ರೆ ತಿರುಗಿ ಬರೋನಲ್ವಲ್ಲ. ಸ್ವಲ್ಪ ಜೋರಾಗೇ ಬರ್ಲಿ, ನಾಲ್ಕು ದಿನ ಹಾಸಿಗೇಲೇ ಇರ್ಲಿ, ನಾನು ಜೊತೇಲಿರ್ತೀನಿ ಅಂದ್ಕೊಂಡೆ. ಸಕ್ಕರೆ ನೀರು ಕಲಸಿಟ್ಟಿದ್ದೆ. ಅಷ್ಟರಲ್ಲಿ ಸ್ನಾನಕ್ಕೆ ಹೋಗಿ ಚಿಲಕ ಹಾಕ್ಕೊಂಡ.”

“ಎಷ್ಟೊತ್ತಿಗೆ?”

“ಆರೂವರೆ. ಬಿದ್ದ ಸದ್ದು ಕೇಳ್ತು. ಕರೆದೆ. ಬಾಗಿಲು ತಳ್ಳಿದೆ.”

“ಏಳು ಗಂಟೆಗೆ ಎದುರಿಗೇ ಬಡಗಿ ಇದ್ದ. ಒಂದು ಕೂಗು ಹಾಕಿದ್ರೆ ಬರ್ತಿದ್ದ. ಒಂಬತ್ತರವರೆಗೆ ಏನು ಮಾಡಿದ್ರಿ?”

ಆಕೆ ಮೊದಲ ಬಾರಿಗೆ ತಲೆ ತಗ್ಗಿಸಿದಳು. ಗೋಡೆ ಕಡೆಗೆ ಮುಖ ಮಾಡಿ ಮಹಿಳಾ ಪೇದೆ ಕಣ್ಣೊರೆಸಿಕೊಂಡಳು.

“ಯಾರಾದ್ರೂ ಬಂದ್ರೆ ಆಸ್ಪತ್ರೆಗೆ ಒಯ್ತಾರೆ, ರಕ್ತ ನೋಡ್ತಾರೆ, ನಾನು ಮಾಡಿದ್ದು ಅವನಿಗೆ ಗೊತ್ತಾಗುತ್ತೆ. ಗೊತ್ತಾದ್ಮೇಲೆ ನನ್ನ ಮುಖ ನೋಡ್ತಾನಾ? ಇನ್ನೊಂದು ನಿಮಿಷಕ್ಕೆ ಎದ್ದೇಳ್ತಾನೆ, ಇನ್ನೊಂದು ನಿಮಿಷಕ್ಕೆ ಅಂತ ನಿಂತಿದ್ದೆ ಸಾರ್. ಲೋಟ ಹಿಡ್ಕೊಂಡು ನಿಂತಿದ್ದೆ.”

೪:೪೦ಕ್ಕೆ ಬಂಧನ ದಾಖಲಾಯಿತು. ಸುದ್ದಿ ಕೇಳಿ ಬಂದ ಟೈಲರಮ್ಮ ಬಾಗಿಲಲ್ಲೇ ನಿಂತಳು. ಬೈಯಲೆಂದೇ ಬಂದಿದ್ದಳು; ಅಕ್ಕನ ಮುಖವನ್ನೊಮ್ಮೆ ನೋಡಿದಳು. ಬಂದ ಹಾದಿಯಲ್ಲೇ ಹಿಂದಿರುಗಿದಳು.

ಅಕ್ಕನ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ರೈಟರಿಗೆ ಬಿಡದೆ ತಾನೇ ಬರೆದ. ತಾಯಿ ಸತ್ತಾಗ ಆಕೆಗೆ ಇಪ್ಪತ್ಮೂರು, ತಮ್ಮನಿಗೆ ಹತ್ತು. ಬಂದ ಸಂಬಂಧಗಳನ್ನೆಲ್ಲ ಇವನನ್ನು ಯಾರು ನೋಡಿಕೊಳ್ಳುತ್ತಾರೆಂದು ಹಿಂದಕ್ಕೆ ಕಳಿಸಿದಳು. ಅವನ ಮೈ ಬೆಳೆದಂತೆ ಆಕೆಯ ಕೆಲಸವೂ ಬೆಳೆಯಿತು: ಸ್ನಾನ, ಕಾಲಿನ ಹುಣ್ಣಿಗೆ ಪಟ್ಟಿ, ಹೊತ್ತುಹೊತ್ತಿಗೆ ಸೂಜಿ. ಶಸ್ತ್ರಚಿಕಿತ್ಸೆಗೆ ಅವನನ್ನು ಒಪ್ಪಿಸಿದವಳೂ ಆಕೆಯೇ. ತಮ್ಮ ಬದುಕಬೇಕು ಎಂಬುದರಲ್ಲಿ ಆಕೆಗೆ ಎರಡು ಮಾತಿರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ಬಗ್ಗಿ, ತನ್ನ ಬೂಟಿನ ಲೇಸನ್ನು ತಾನೇ ಕಟ್ಟಿಕೊಂಡಿದ್ದ. “ಅಕ್ಕಾ, ಬಾ ಇಲ್ಲಿ, ನೋಡು” ಎಂದು ಮಗುವಿನಂತೆ ಕೂಗಿದ್ದ. ಆಕೆ ಬಂದು ನೋಡಿ, ಬೆನ್ನು ತಟ್ಟಿ, ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಈ ಕೈಗಳಿಗೆ ಇನ್ನೇನು ಕೆಲಸ ಎಂದು ಆಕೆಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಇನ್‌ಸ್ಪೆಕ್ಟರ್ ಬರೆದದ್ದನ್ನು ಓದಿ ಹೇಳಿದ. ಅಕ್ಕ ಕೊನೆಯವರೆಗೂ ಅಲುಗಾಡದೆ ಕೇಳಿಸಿಕೊಂಡಳು.

“ಸರಿಯಾಗಿದೆಯಾ?”

“ಒಂದು ಬಿಟ್ಟಿದೀರ,” ಎಂದಳು. “ಮೊದಲು ಬಲಗಾಲಿಂದು ಕಟ್ಟಿದ್ದ. ಎಡಗಾಲು ನನಗೇ ಅಂತ ಬಿಟ್ಟಿದ್ದ. ನಾನೇ, ಅದನ್ನೂ ನೀನೇ ಕಟ್ಕೋ ಅಂದೆ.”

ಇನ್‌ಸ್ಪೆಕ್ಟರ್ ಅದನ್ನೂ ಸೇರಿಸಿ ಬರೆದ. ಆಕೆ ಸಹಿ ಹಾಕಿದಳು.