ಮೀನುಗಳಿಗೆ ಇಪ್ಪತ್ತಮೂರು ಡಿಗ್ರಿ

ಹೆಂಗಸು ಹಾಸಿಗೆಯಲ್ಲೇ ಬೆಂದುಹೋಗಿದ್ದಳು. ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಕಿಟಕಿಗಳು ಮುಚ್ಚಿದ್ದವು. ಎಸಿ ಆರಿತ್ತು. ಕೋಣೆಯ ಕಾವು ನಲವತ್ತೊಂದು ಡಿಗ್ರಿ. ಎರಡು ವರ್ಷದಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲದವಳು. ತುಟಿ ಒಡೆದಿತ್ತು. ಚಾಚಿದ ಕೈಯಿಂದ ಗೇಣು ದೂರದಲ್ಲಿ ಲೋಟ. ಖಾಲಿ.

ಮೊದಲು ನೋಡಿದ್ದು ಅವಳ ತಮ್ಮ, ಸಂಜೆ ಆರಕ್ಕೆ ಕೆಲಸ ಮುಗಿಸಿ ಬಂದಾಗ. ಅವನು ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಗಾಜು ಉಜ್ಜುವವನು. ಮನೆಯಲ್ಲಿ ಅವನು, ಅಕ್ಕ, ಅಕ್ಕನ ಕೋಣೆಯ ಗೋಡೆಯುದ್ದಕ್ಕೂ ಕೂರಿಸಿದ ತೊಟ್ಟಿಯಲ್ಲಿ ಒಂಬತ್ತು ಮೀನು. ಎಸಿ ಇದ್ದದ್ದು ಅದೊಂದೇ ಕೋಣೆಯಲ್ಲಿ.

"ಬೆಳಗ್ಗೆ ನಾನು ಹೊರಟಾಗ ಎಸಿ ಓಡ್ತಿತ್ತು ಮೇಡಂ," ಎಂದ. "ಅಕ್ಕನ್ನ ನೋಡ್ಕೊಳ್ಳೋ ಆಯಾ ಬಂದು ಆರಿಸಿ ಹೋಗಿದಾಳೆ. ಇನ್ಯಾರು?"

ಇನ್‌ಸ್ಪೆಕ್ಟರ್ ಬರೆದುಕೊಂಡಳು. ದಫೇದಾರ ಬೆವರಿ ತೊಪ್ಪೆಯಾಗಿ, ತೊಟ್ಟಿಗೆ ಕೆನ್ನೆ ಆನಿಸಿ ನಿಂತಿದ್ದ.

"ಏನ್ರೀ ಅದು?"

"ಇಲ್ಲಿ ತಂಪಾಗಿದೆ ಮೇಡಂ. ಮೀನಾಗಿ ಹುಟ್ಟಬೇಕಿತ್ತು."

"ಈಗ್ಲೂ ಸುಮ್ಮನೆ ಬಾಯಿ ಬಿಡೋದೇ ನಿಮ್ಮ ಕೆಲಸ. ಈಚೆ ಬನ್ನಿ."

*

ರಿಮೋಟಿನ ಮೇಲೆ ಆಯಾಳ ಬೆರಳಚ್ಚು. ಮನೆಯ ಎರಡನೇ ಕೀ ಅವಳ ಬಳಿ. ಠಾಣೆಗೆ ಅಷ್ಟು ಸಾಕಾಯಿತು. ಮರುದಿನ ಸಂಜೆ ಐದಕ್ಕೆ ಅವಳನ್ನು ಜೈಲಿಗೆ ಒಯ್ಯಲು ವ್ಯಾನು ಬರಲಿತ್ತು.

ಬೆಳಗ್ಗೆ ಇನ್‌ಸ್ಪೆಕ್ಟರ್ ಅವಳೆದುರು ಕೂತಳು.

"ನೆನ್ನೆ ಬರಬೇಡ ಅಂದಿದ್ದೇ ಅಮ್ಮಾವ್ರ ತಮ್ಮ ಮೇಡಂ. ಮೊನ್ನೆ ಸಂಜೆ, ಬಾಗಿಲ ಹತ್ರ."

"ಅವನು ಇಲ್ಲ ಅಂತಾನೆ. ರಿಮೋಟು?"

"ದಿನಾ ಒತ್ತೋಳು ನಾನೇ. ಅಮ್ಮಾವ್ರಿಗೆ ಆ ಚಳಿ ತಡೆಯೋಕಾಗ್ತಿರಲಿಲ್ಲ. ಹೋದ ವಾರ ಅತ್ತು ಕೇಳ್ಕೊಂಡ್ರು. ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಆರಿಸಿಟ್ಟೆ. ಎರಡು ಮೀನು ಸತ್ತವು."

"ಬೈದನಾ?"

"ಒಂದು ಮಾತೂ ಆಡಲಿಲ್ಲ. ಅದಕ್ಕೇ ಹೆದರಿಕೆ ಆಯ್ತು." ಆಯಾ ಸೆರಗು ಹಿಂಡಿದಳು. "ನನ್ನ ಮಗಳಿಗೆ ನಾನೊಬ್ಬಳೇ. ಒಳಗೆ ಹಾಕಬೇಡಿ."

ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದಳು. ನಾಲ್ಕು ಗಂಟೆ ಹೊತ್ತು ಆರಿಸಿದ್ದಕ್ಕೇ ಎರಡು ಮೀನು. ನೆನ್ನೆ ಹಗಲೆಲ್ಲ ಎಸಿ ಆರಿತ್ತು. ಒಂದೂ ಸತ್ತಿರಲಿಲ್ಲ.

*

ಒಂದು ಗಂಟೆಗೆ ಅವಳು ಅದೇ ಕೋಣೆಯಲ್ಲಿ ಎಸಿ ಆರಿಸಿದಳು. ಕಿಟಕಿ ಮುಚ್ಚಿಸಿದಳು. ತಮ್ಮನನ್ನು ತೊಟ್ಟಿಯ ಎದುರು ಕೂರಿಸಿದಳು. ತೊಟ್ಟಿಯ ಗಾಜಿಗಂಟಿದ ಉಷ್ಣಮಾಪಕದಲ್ಲಿ ಇಪ್ಪತ್ತಮೂರು.

"ಇದೇನು ಮೇಡಂ?"

"ಸ್ಥಳ ಪರಿಶೀಲನೆ."

ಎರಡೂವರೆಗೆ ಇಪ್ಪತ್ತನಾಲ್ಕು. ಅಕ್ಕನ ಬಗ್ಗೆ ಕೇಳಿದ್ದಕ್ಕೆಲ್ಲ ಅವನು ಅಚ್ಚುಕಟ್ಟಾಗಿ ಉತ್ತರ ಕೊಟ್ಟ. ಕಣ್ಣು ಮಾತ್ರ ಮಾಪಕದ ಮೇಲೆ. ನಾಲ್ಕಕ್ಕೆ ಇಪ್ಪತ್ತಾರು. ದೊಡ್ಡ ಮೀನು ಮೇಲೆ ಬಂದು ಗಾಳಿ ನುಂಗತೊಡಗಿತು.

"ಎಸಿ ಹಾಕಿ ಮೇಡಂ."

"ಪರಿಶೀಲನೆ ಮುಗಿದಿಲ್ಲ."

"ಹಾಗಾದ್ರೆ ಫ್ರೀಜರಲ್ಲಿ ಐಸ್ ಬಾಟಲಿ ಇವೆ. ತಂದು ತೇಲಿಬಿಡಿ!"

ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಿದಳು. ದಫೇದಾರ ನಾಲ್ಕು ಬಾಟಲಿ ತಬ್ಬಿಕೊಂಡು ಬಂದು ನೀರಿನ ಮೇಲೆ ಬಾಗಿದ.

"ಅಯ್ಯೋ, ನಾಲ್ಕೂ ಬೇಡ! ಒಮ್ಮೆಲೇ ತಣ್ಣಗಾದ್ರೂ ಸಾಯ್ತವೆ. ಎರಡೆರಡು ಗಂಟೆಗೊಂದು. ನೆನ್ನೆ ಅಷ್ಟೇ ಸಾಕಾ..."

ಅವನ ಕಣ್ಣು ಮಾಪಕ ಬಿಟ್ಟು ಅವಳ ಕಡೆ ತಿರುಗಿತು.

"ಸಾಕಾಯ್ತು ಅಲ್ವಾ?" ಎಂದಳು ಇನ್‌ಸ್ಪೆಕ್ಟರ್. "ಆಯಾಳ ಕೈಲಿ ಎಸಿ ಆರಿದಾಗ ಎರಡು ಸತ್ತವು. ನೆನ್ನೆ ಇಡೀ ದಿನ ಆರಿದ್ರೂ ಎಲ್ಲ ಬದುಕಿದ್ವು. ಅಂದ್ರೆ ಯಾರೋ ಬಂದು ಬಂದು ನೀರು ತಂಪು ಮಾಡಿದಾರೆ. ಕಿಟಕಿ ತೆಗೀಲಿಲ್ಲ. ಲೋಟ ತುಂಬಲಿಲ್ಲ. ಬರೀ ಮೀನಿಗೋಸ್ಕರ ಬಂದಿದಾರೆ. ಹಾಗೆ ಬರೋರು ಈ ಊರಲ್ಲಿ ಎಷ್ಟು ಜನ? ನಿನ್ನ ಅಂಗಡಿ ಹಿಂಕೋಣೆಗೆ ಓಣಿ ಕಡೆ ಬಾಗಿಲಿದೆ. ಅಲ್ಲಿಂದ ಮನೆಗೆ ಮೂರು ನಿಮಿಷ. ಎಷ್ಟು ಸಲ ಬಂದೆ?"

ದೊಡ್ಡ ಮೀನು ಒಂದು ಮಗ್ಗುಲಿಗೆ ವಾಲಿತು.

"ನಾಲ್ಕು ಸಲ. ಈಗ ಒಂದು ಬಾಟಲಿ ಬಿಡಿ."

"ಅಕ್ಕನ್ನ ಯಾಕೆ ಕೊಂದೆ?"

"ಚಳಿ ಚಳಿ ಅಂತಿದ್ಲು," ಎಂದ. "ಬೆಚ್ಚಗೆ ಮಾಡಿದೆ."

ಬಾಟಲಿಗಳು ಸಾಕ್ಷಿಯ ಚೀಲ ಸೇರಿದವು. ಎಸಿ ಆರಿದಂತೆಯೇ ಇತ್ತು. ಬಾಗಿಲಿಗೆ ಮೊಹರು ಬಿತ್ತು.

*

ಐದಕ್ಕೆ ಹತ್ತು ನಿಮಿಷ. ಠಾಣೆಯ ಅಂಗಳದಲ್ಲಿ ವ್ಯಾನು ನಿಂತಿತ್ತು. ಬಿಡುಗಡೆಯಾದ ಆಯಾ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು. ಜೀಪಿನಿಂದಿಳಿದ ತಮ್ಮ ಬೇಡಿ ಹಾಕಿದ ಕೈಗಳನ್ನೇ ಅವಳ ಮುಂದೆ ಜೋಡಿಸಿದ.

"ನೀನಾದ್ರೂ ಹೇಳಮ್ಮ ಇವರಿಗೆ. ಒಂಬತ್ತು ಜೀವ. ಎಸಿ ಹಾಕೋಕೆ ಹೇಳು."

ಆಯಾ ಅವನ ಮುಖ ನೋಡಿದಳು. "ಅಮ್ಮಾವ್ರು ನೀರು ಕೇಳಿದ್ರಾ?"

"ಎರಡು ಸಲ ಕೇಳಿದ್ಲು. ಆಮೇಲೆ ಬರೀ ಬಾಟಲಿ ನೋಡ್ತಾ ಇದ್ಲು. ಈಗ ಅದಲ್ಲ ಮಾತು. ದೊಡ್ಡದು ಆಗಲೇ ವಾಲ್ತಿದೆ..."

ಗೇಟಿನ ಆಚೆ ಮಗಳು ಕಾಯುತ್ತಿದ್ದಳು. ಆಯಾ ಅವಳ ಕಡೆ ನಡೆದಳು. ಅವನು ಮೀನುಗಳ ಗುಣ ಹೇಳುತ್ತಲೇ ಇದ್ದ, ವ್ಯಾನಿನ ಬಾಗಿಲು ಮುಚ್ಚುವ ತನಕ.