ಯಾವ ನೆಗ್ಗು ಇರಲಿ?

ಬಹಳ ಕಾಲದ ಹಿಂದೆ, ಕಾರುಗಳಿಗೆ ಇನ್ನೂ ಮಾತು ಬರುತ್ತಿದ್ದಾಗ, ಉರುಳುಗಲ್ಲು ಎಂಬ ಒಂದು ರಾಜ್ಯವಿತ್ತು. ಅಲ್ಲಿ ರಾಜನಿಗೂ ಕಾರು, ಮಂತ್ರಿಗೂ ಕಾರು, ಮೊಸರು ಮಾರುವ ನಿಂಗವ್ವನಿಗೂ ಕಾರು. ಎಲ್ಲವೂ ಮುತ್ತಜ್ಜನ ಕಾಲದವು, ಎಲ್ಲಕ್ಕೂ ಮುತ್ತಜ್ಜನಷ್ಟೇ ಕೆಮ್ಮು. ಕೆಟ್ಟು ನಿಂತರೆ ಎಲ್ಲರೂ ತಳ್ಳಿಕೊಂಡು ಬರುತ್ತಿದ್ದುದು ಊರಬಾಗಿಲಿನ ಹುಣಸೆಮರದ ಕೆಳಗಿದ್ದ ಮೌನಾಚಾರಿಯ ಗ್ಯಾರೇಜಿಗೆ.

ಹೆಸರೇನೋ ಮೌನಾಚಾರಿ, ಆದರೆ ಅವನ ಬಾಯಿ ಮುಚ್ಚಿದ್ದನ್ನು ಕಂಡವರು ಆ ರಾಜ್ಯದಲ್ಲಿ ಒಬ್ಬರೂ ಇರಲಿಲ್ಲ. ಎಂಜಿನ್ನಿನ ಒಳಗೆ ತಲೆ ತೂರಿಸಿಕೊಂಡೂ ಮಾತಾಡುತ್ತಿದ್ದ. ಅವನ ತಾಯಿ ಕಾಳಜ್ಜಿ ಸೀಟುಗಳನ್ನು ಹೊಲಿಯುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದ ಮಗಳು ಚೆನ್ನಾಜಿಯದು ತಗಡಿನ ಕೆಲಸ. ಕಣ್ಣು ಮುಚ್ಚಿ ಅಂಗೈ ಸವರಿದರೆ ಸಾಕು, ಎಲ್ಲಿ ಎಷ್ಟು ಏಟು ಬಿದ್ದಿದೆ ಎಂದು ಹೇಳಿಬಿಡುತ್ತಿದ್ದಳು. ಅವಳಿಗೆ ಹಾಲುಹಲ್ಲು ಬೀಳುವ ಮೊದಲೇ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ತಾಯಿಯೂ ತಂದೆಯೂ ಎರಡೂ ಮೌನಾಚಾರಿಯೇ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾವ ಕಾರು ಬಂದರೂ ಸುತ್ತಿಗೆ ಎತ್ತುವ ಮೊದಲು ಒಂದು ಮಾತು ಕೇಳಬೇಕು: “ಯಾವ ನೆಗ್ಗು ಇರಲಿ?” ನೆಗ್ಗುಗಳನ್ನೆಲ್ಲ ತೆಗೆದುಬಿಟ್ಟರೆ ಕಾರಿಗೆ ತಾನು ಯಾರೆಂಬುದೇ ಮರೆತುಹೋಗುತ್ತದೆ ಎಂದು ಕಾಳಜ್ಜಿ ಹೇಳುತ್ತಿದ್ದಳು. ಹಾಗಾಗಿ ನಿಂಗವ್ವನ ಕಾರಿನ ಹಿಂಭಾಗದಲ್ಲಿ ಎಮ್ಮೆಕರು ಗುಮ್ಮಿದ ಗುರುತು ಹಾಗೆಯೇ ಉಳಿದಿತ್ತು. ಉಳಿದದ್ದೆಲ್ಲ ಕನ್ನಡಿಯಂತೆ ನುಣುಪು.

ಮೌನಾಚಾರಿಗೂ ಅಂಥದ್ದೊಂದು ಗುರುತಿತ್ತು. ಅವನ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಚೆನ್ನಾಜಿ ಹುಟ್ಟಿದ ದಿನ ಕಾಳಜ್ಜಿ ಒಳಗಿನಿಂದ ಹೆಣ್ಣುಮಗು ಎಂದು ಕೂಗಿದಳಂತೆ, ಇವನು ತಲೆ ಎತ್ತಿದನಂತೆ, ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿತ್ತಂತೆ. ಒಳಗೆ ಮಗು ಅತ್ತಿತು, ಹೊರಗೆ ತಾನು ಅತ್ತೆ, ಯಾರ ದನಿ ಜೋರಾಗಿತ್ತು ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು ಗಿರಾಕಿಗಳಿಗೆಲ್ಲ ಬೆರಳೆತ್ತಿ ತೋರಿಸಿ ಹೇಳುತ್ತಿದ್ದ. ಈ ಕತೆ ಶುರುವಾದರೆ ಚೆನ್ನಾಜಿ ಎದ್ದು ಹೊರಗೆ ಹೋಗುತ್ತಿದ್ದಳು. ಎಷ್ಟು ಸಲ ಅಂತ ಕೇಳುವುದು?

ಹೀಗಿರುವಾಗ ಕನ್ನಡಿಗುಡ್ಡದ ಮಾಂತ್ರಿಕ ಥಳುಕಯ್ಯ ಊರಿಗೆ ಬಂದ. ಅವನ ಕೈಯಲ್ಲಿ ಒಂದು ಹಳದಿ ಬಟ್ಟೆ. ಅದರಿಂದ ಒಮ್ಮೆ ಒರೆಸಿದರೆ ಎಂಥ ಹಳೆಯ ವಸ್ತುವೂ ಆಗತಾನೇ ಮಾಡಿದಂತೆ ಹೊಸದಾಗುತ್ತಿತ್ತು. ಸಿಂಹಾಸನ ಒರೆಸಿದ, ಹೊಸದಾಯಿತು. ಆಸ್ಥಾನಕವಿಯ ಮುಖ ಒರೆಸಿದ, ಕವಿ ಹರೆಯದವನಾದ, ತಾನು ಬರೆದ ಪದ್ಯವನ್ನೆಲ್ಲ ಮರೆತ, ಸಭೆ ಒಳಗೊಳಗೇ ಸಂತೋಷಪಟ್ಟಿತು. ಜನ ಮುಗಿಬಿದ್ದು ಕಾರುಗಳನ್ನು ಕನ್ನಡಿಗುಡ್ಡಕ್ಕೆ ಸಾಗಿಸಿದರು.

ಒಂದು ಬೆಳಗ್ಗೆ ಥಳುಕಯ್ಯ ಗ್ಯಾರೇಜಿಗೇ ಬಂದು, ಇನ್ನು ನಿಮ್ಮ ಸುತ್ತಿಗೆಗೆ ಕೆಲಸವಿಲ್ಲ, ಬಾಗಿಲು ಹಾಕಿಕೊಳ್ಳಿ ಎಂದ. ಮೌನಾಚಾರಿ ಸುಮ್ಮನಿರುತ್ತಾನೆಯೇ? ಹೊಸದು ಮಾಡುವುದಕ್ಕೂ ಸರಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಕೂತ. ಬಿಸಿಲು ನೆತ್ತಿಗೆ ಬಂದರೂ ವಿವರಣೆ ಮುಗಿಯಲಿಲ್ಲ. ಮಾಂತ್ರಿಕನಿಗೆ ತಲೆನೋವು ಬಂತು. ಬಟ್ಟೆ ತೆಗೆದು ಮೌನಾಚಾರಿಯ ಮುಖವನ್ನು ಒರೆಸಿಬಿಟ್ಟು ಹೊರಟುಹೋದ.

ನೋಡನೋಡುತ್ತಿದ್ದಂತೆ ಮೌನಾಚಾರಿಯ ಹೊಟ್ಟೆ ಕರಗಿತು, ಬೋಳುತಲೆಯಲ್ಲಿ ಗುಂಗುರುಕೂದಲು ಬಂತು, ಮೀಸೆ ಕಪ್ಪಾಯಿತು. ಹೆಬ್ಬೆರಳಿನ ಉಗುರು ಕೂಡಿಕೊಂಡಿತು. ಇಪ್ಪತ್ತೆರಡರ ಹುಡುಗ ಎದುರಿಗೆ ನಿಂತು ಚೆನ್ನಾಜಿಯನ್ನು ನೋಡಿ ವಿನಯದಿಂದ ಕೇಳಿದ: “ಅಕ್ಕಾ, ಯಾರ ಮನೆಯವರು ನೀವು?”

ಕಾಳಜ್ಜಿಗೆ ನಗು ತಡೆಯಲಾಗಲಿಲ್ಲ. ಚೆನ್ನಾಜಿಗೆ ಮಾತ್ರ ನಗು ಬರಲಿಲ್ಲ. ಹೆಗಲ ಮೇಲೆ ಹೊತ್ತು ಬೆಳೆಸಿದವನಿಗೆ ಈಗ ಅವಳು ಯಾರೂ ಅಲ್ಲ. ಅವನೋ, ಕಾರಿನ ಕನ್ನಡಿಯ ಮುಂದೆ ನಿಂತು ಕ್ರಾಪು ತೀಡತೊಡಗಿದ್ದ. ಅವಳು ಸುತ್ತಿಗೆ ತೆಗೆದುಕೊಂಡಳು, ಅಜ್ಜಿಯನ್ನು ಕರೆದುಕೊಂಡಳು, ಕನ್ನಡಿಗುಡ್ಡ ಹತ್ತಿದಳು.

ಗುಡ್ಡದ ಮೇಲಿನ ಮಾಂತ್ರಿಕನ ಅರಮನೆಯಲ್ಲಿ ನೂರಾರು ಕಾರುಗಳು ಥಳಥಳಿಸುತ್ತ ನಿಂತಿದ್ದವು. ಒಂದೂ ಚಾಲೂ ಆಗುತ್ತಿರಲಿಲ್ಲ. ಹೋಗುವುದು ಹೇಗೆಂಬುದನ್ನೇ ಅವು ಮರೆತಿದ್ದವು. ನಾಳೆ ರಾಜನ ಮೆರವಣಿಗೆ, ಕಾರು ಹೊರಡದಿದ್ದರೆ ಮಾನ ಹೋಗುತ್ತದೆ ಎಂದು ಥಳುಕಯ್ಯ ಉಗುರು ಕಚ್ಚುತ್ತಿದ್ದ. ಅಪ್ಪನನ್ನು ಮೊದಲಿನಂತೆ ಮಾಡಿಕೊಡಬೇಕೆಂದು ಚೆನ್ನಾಜಿ ಕೇಳಿದಾಗ ಅವನು ಹೇಳಿದ: “ಹೊತ್ತು ಮುಳುಗೋದ್ರೊಳಗೆ ಮೂರು ಕಾರು ಹೊರಡಿಸು, ಬಟ್ಟೆ ನಿಂದು. ಆಗ್ಲಿಲ್ವಾ, ನಿಮ್ಮಿಬ್ಬರ ಮುಖಾನೂ ಒರೆಸಿಬಿಡ್ತೀನಿ.”

ಸೋತರೆ ಮೊಣಕಾಲು ನೋವಾದರೂ ಹೋಗುತ್ತದಲ್ಲ ಎಂದು ಕಾಳಜ್ಜಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮೊಮ್ಮಗಳ ಮುಖ ನೋಡಿ ಆ ಆಸೆ ಬಿಟ್ಟಳು.

ಮೊದಲನೆಯದು ಹಸಿರು ಕಾರು. ಬಾನೆಟ್ಟಿಗೆ ಕೈ ಹಾಕಿದವರನ್ನು ಕಚ್ಚುತ್ತಿತ್ತು. ಚೆನ್ನಾಜಿ ದೂರ ನಿಂತು, ಯಾವ ನೆಗ್ಗು ಇರಲಿ ಎಂದು ಕೇಳಿದಳು. ನೆನಪಿದ್ದರೆ ಯಾಕೆ ಹೀಗೆ ಕಚ್ಚುತ್ತಿದ್ದೆ ಎಂದು ಕಾರು ಗುರುಗುಟ್ಟಿತು. ಅವಳು ಮೆಲ್ಲನೆ ಅಂಗೈ ಸವರಿದಳು. ಮಂತ್ರದಿಂದ ತಗಡು ಎಷ್ಟೇ ನುಣುಪಾದರೂ ಏಟು ತಿಂದ ಜಾಗ ತೆಳ್ಳಗಿರುತ್ತದೆ. ಎಡಗಡೆಯ ಮಡ್‌ಗಾರ್ಡಿನಲ್ಲಿ ಮೊರದಗಲ ತೆಳ್ಳಗಿತ್ತು. ಸುತ್ತಿಗೆಗೆ ಚಿಂದಿ ಸುತ್ತಿ ಅಲ್ಲೇ ಬಾರಿಸಿದಳು. ಹುಟ್ಟಿದಾಗಿನಿಂದ ನೆಗ್ಗು ತೆಗೆದವಳು ಮೊದಲ ಸಲ ನೆಗ್ಗು ಮಾಡಿದಳು. ಕಾರು ಕಚ್ಚುವುದನ್ನು ಬಿಟ್ಟು ಹೇಳಿತು: “ಅಯ್ಯೋ, ರಾಜರ ಆನೆಮರಿ. ದಿನಾ ಇಲ್ಲೇ ಅಂಡು ಉಜ್ಜಿಕೊಳ್ಳೋದು.” ಹೇಳುತ್ತಲೇ ಗುಡುಗಿ ಹೊರಟಿತು.

ಎರಡನೆಯದು ನೀಲಿ ಕಾರು. ಅದು ಒಂದೇ ಸಮನೆ ಅಳುತ್ತಿತ್ತು, ದೀಪಗಳಿಂದ ನೀರು ಸುರಿದು ನೆಲವೆಲ್ಲ ಕೆಸರು. ಯಾವ ನೆಗ್ಗು ಇರಲಿ ಎಂದರೆ ಇನ್ನೂ ಜೋರಾಗಿ ಅತ್ತಿತು. ಚೆನ್ನಾಜಿಯ ಅಂಗೈಗೆ ಹಿಂದಿನ ಬಾಗಿಲಿನ ಒಳಮೈಯಲ್ಲಿ ತೆಳ್ಳನೆಯ ಜಾಗ ಸಿಕ್ಕಿತು, ಹಿಮ್ಮಡಿಯಷ್ಟೇ ಅಗಲ. ಸುತ್ತಿಗೆಯಿಂದ ಬಾರಿಸಿದರೆ ಕಾರು, ಇದಲ್ಲ, ಇದಲ್ಲ ಎಂದು ಅತ್ತಿತು. ಕಾಳಜ್ಜಿ ನೋಡುವಷ್ಟು ನೋಡಿ, ಪಕ್ಕಕ್ಕೆ ಸರಿಯೇ ಹುಡುಗಿ ಎಂದು ಸೀಟಿನ ಮೇಲೆ ಮಲಗಿದಳು. ಮೂರು ಹೆತ್ತವಳು ಅವಳು, ಆ ನೋವು ಮರೆತಿರಲಿಲ್ಲ. ಅಮ್ಮಾ ಎಂದು ಕಿರುಚಿ ಬಾಗಿಲಿಗೆ ಝಾಡಿಸಿ ಒದ್ದಳು. ಕಾರಿನ ಅಳು ಅಲ್ಲಿಗೇ ನಿಂತಿತು. ಸೂಲಗಿತ್ತಿಯ ಮನೆ ಮುಟ್ಟುವ ಮೊದಲೇ ರಾಜಕುಮಾರ ತನ್ನೊಳಗೇ ಹುಟ್ಟಿದ ಎಂದು ನೆನಪಿಸಿಕೊಂಡು, ಅಜ್ಜಿಯನ್ನು ಕೂರಿಸಿಕೊಂಡೇ ಅಂಗಳಕ್ಕೆ ಎರಡು ಸುತ್ತು ಹಾಕಿತು.

ಮೂರನೆಯದು ಥಳುಕಯ್ಯನ ಸ್ವಂತ ಕಾರು. ಪುಟ್ಟದು, ಕಪ್ಪನೆಯದು. ಅದು ಮಾತೇ ಆಡಲಿಲ್ಲ. ಚೆನ್ನಾಜಿ ಇಡೀ ಮೈ ಸವರಿದಳು, ಎಲ್ಲೂ ಏನೂ ಸಿಗಲಿಲ್ಲ. ಹೊತ್ತು ಗುಡ್ಡದ ಅಂಚಿಗೆ ಬಂದಿತ್ತು. ಮಾಂತ್ರಿಕ ಬಟ್ಟೆ ಕೈಗೆತ್ತಿಕೊಂಡು ನಿಂತ. ಕೊನೆಗೆ ಒಳಗೆ ಕೂತು ತಲೆಯ ಮೇಲಿನ ತಗಡಿಗೆ ಅಂಗೈ ಇಟ್ಟಳು. ಮುಂದಿನ ಸೀಟಿನ ನೇರಕ್ಕೆ ಬಟ್ಟಲಷ್ಟು ಜಾಗ ತೆಳ್ಳಗಿತ್ತು. ಕೆಳಗಿನಿಂದ ಯಾರೋ ಗುದ್ದಿದ ಏಟು.

“ಇದು ಯಾರದ್ದು, ಸ್ವಾಮಿ?” ಎಂದಳು.

ಥಳುಕಯ್ಯನ ಕೈ ತಾನಾಗಿ ಅವನ ನೆತ್ತಿಗೆ ಹೋಯಿತು. ಅವನು ಹೇಳಿದ: “ನಮ್ಮಪ್ಪ ಹಾಡಿಕೊಂಡು ಓಡಿಸೋರು. ಕೆಟ್ಟ ದನಿ. ನಾನು ಸೀಟ್ ಮೇಲೆ ಕುಣೀತಿದ್ದೆ, ಹಳ್ಳ ಬಂದಾಗ ತಲೆ ತಾಗ್ತು. ಅವರು ಹೋದ್ಮೇಲೆ ಆ ನೆಗ್ಗು ನೋಡೋಕೇ ಆಗ್ತಿರಲಿಲ್ಲಮ್ಮ. ಅದಕ್ಕೇ ಒರೆಸಿಬಿಟ್ಟೆ. ಆಮೇಲೆ ಕೈ ನಿಲ್ಲಲೇ ಇಲ್ಲ.”

ಆ ಜಾಗಕ್ಕೆ ನನ್ನ ಸುತ್ತಿಗೆ ಆಗುವುದಿಲ್ಲ ಎಂದಳು ಚೆನ್ನಾಜಿ. ಮೂರು ಲೋಕ ನಡುಗಿಸಿದ ಮಾಂತ್ರಿಕ ರುಮಾಲು ಬಿಚ್ಚಿಟ್ಟ, ಸೀಟಿನ ಮೇಲೆ ಮುದುರಿ ನಿಂತ, ಕಣ್ಣು ಮುಚ್ಚಿ ಕುಪ್ಪಳಿಸಿದ. ಟಣ್ ಎಂದಿತು. ಕಾರು ಹಳೆಯದೊಂದು ಹಾಡನ್ನು ಕೆಟ್ಟ ದನಿಯಲ್ಲಿ ಗುನುಗುತ್ತ ಚಾಲೂ ಆಯಿತು. ಥಳುಕಯ್ಯ ನೆತ್ತಿ ಹಿಡಿದುಕೊಂಡು ನಕ್ಕ, ನಗುತ್ತಲೇ ಅತ್ತ, ಬಟ್ಟೆಯನ್ನು ಅವಳ ಕೈಗೆ ಕೊಟ್ಟ.

ಚೆನ್ನಾಜಿ ಗುಡ್ಡದ ತುದಿಯಲ್ಲಿ ನಿಂತು ಆ ಬಟ್ಟೆಯನ್ನು ಜೋರಾಗಿ ಕೊಡವಿದಳು. ಒರೆಸಿದ್ದ ಧೂಳೆಲ್ಲ ಎದ್ದು ಹಾರಿ ತಂತಮ್ಮ ಮನೆಗೆ ಹೋಯಿತು. ಕಾರುಗಳಿಗೆ ನೆಗ್ಗುಗಳು ಮರಳಿದವು. ಕವಿಗೆ ಪದ್ಯಗಳೆಲ್ಲ ನೆನಪಾದವು, ಸಭೆ ನಿಟ್ಟುಸಿರು ಬಿಟ್ಟಿತು.

ಅಜ್ಜಿಯೂ ಮೊಮ್ಮಗಳೂ ಓಡೋಡಿ ಗ್ಯಾರೇಜಿಗೆ ಬಂದರೆ, ಮೌನಾಚಾರಿ ಇನ್ನೂ ಇಪ್ಪತ್ತೆರಡರವನೇ. ಇನ್ನೂ ಕನ್ನಡಿಯ ಮುಂದೆಯೇ. ಅವನ ಪಾಲಿನ ಧೂಳು ಬಂದು ಮುಖದ ಮೇಲೆ ಕೂತಾಗಲೆಲ್ಲ, ಥೂ, ಅಂದ ಕೆಡುತ್ತದೆ ಎಂದು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದ. ಚೆನ್ನಾಜಿಗೆ ಅಳುವೇ ಬಂತು. ಅಳು ನುಂಗಿಕೊಂಡು ಕಟ್ಟಳೆಯ ಮಾತು ಕೇಳಿದಳು: “ಯಾವ ನೆಗ್ಗು ಇರಲಿ?”

“ನನಗೆಲ್ಲಿಯ ನೆಗ್ಗು ಅಕ್ಕಾ, ನೋಡಿ, ಎಷ್ಟು ನುಣುಪಾಗಿದ್ದೀನಿ” ಎಂದು ಅವನು ಎರಡೂ ಕೈ ಚಾಚಿದ.

ಅವಳು ಅವನ ಎಡಗೈ ಹಿಡಿದು ಕಲ್ಲಿನ ಮೇಲಿಟ್ಟಳು. ಕಾಳಜ್ಜಿಗೆ ತಟ್ಟನೆ ಹೊಳೆಯಿತು. ಒಳಗೆ ಓಡಿ, ಇಪ್ಪತ್ತನಾಲ್ಕು ವರ್ಷದ ಹಿಂದೆ ಕೂಗಿದಂತೆಯೇ ಕೂಗಿದಳು: “ಮೌನಾ, ಹೆಣ್ಣುಮಗು ಕಣೋ!”

ಅವನು ತಲೆ ಎತ್ತಿದ. ಚೆನ್ನಾಜಿ ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿಟ್ಟಳು.

ಹುಣಸೆಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಮೌನಾಚಾರಿ ಬೆರಳು ಬಾಯಲ್ಲಿಟ್ಟುಕೊಂಡು ಕುಣಿದ. ಕರವಸ್ತ್ರ ಕೈಜಾರಿ ಬಿತ್ತು, ಧೂಳು ಬಂದು ಮುಖದ ಮೇಲೆ ನೆಮ್ಮದಿಯಾಗಿ ಕೂತಿತು. ಕುಣಿಯುತ್ತಿದ್ದಂತೆಯೇ ಹೊಟ್ಟೆ ಬಂತು, ಕ್ರಾಪು ಹೋಯಿತು, ಮೀಸೆ ನರೆಯಿತು. “ಚೆನ್ನಾಜೀ, ನಾನು ಕಲಿಸಿದ್ದು ಹೀಗಾ ಸುತ್ತಿಗೆ ಹಿಡಿಯೋಕೆ?” ಎಂದು ಬೈದ. ಅಷ್ಟು ಸಿಹಿಯಾದ ಬೈಗುಳವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಪ್ಪನ ಕೊರಳಿಗೆ ಬಿದ್ದು ಅತ್ತಳು.

ಮರುದಿನ ರಾಜನ ಮೆರವಣಿಗೆ ಕೆಮ್ಮುತ್ತ, ಗುಡುಗುತ್ತ, ಸಾಂಗವಾಗಿ ನಡೆಯಿತು. ಥಳುಕಯ್ಯ ಗ್ಯಾರೇಜಿನಲ್ಲೇ ಪಾಲಿಶ್ ಕೆಲಸಕ್ಕೆ ಸೇರಿಕೊಂಡ. ಹಳದಿ ಬಟ್ಟೆಯನ್ನು ಕಾಳಜ್ಜಿ ಸೀಟಿನೊಳಗೆ ತುಂಬಿ ಹೊಲಿದುಬಿಟ್ಟಳು. ಅಲ್ಲಿಂದಾಚೆಗೆ ಉರುಳುಗಲ್ಲಿನ ಕಾರುಗಳೂ ಜನರೂ ತಂತಮ್ಮ ನೆಗ್ಗುಗಳ ಸಮೇತ ತಣ್ಣಗೆ ಬಾಳಿದರು. ಮೌನಾಚಾರಿಯ ಉಗುರಿನ ಕತೆ ಈಗ ಮೊದಲಿಗಿಂತ ಎರಡು ಪಟ್ಟು ಉದ್ದ. ಅವನು ಬೆರಳೆತ್ತಿ ಶುರುಮಾಡಿದರೆ ಚೆನ್ನಾಜಿ ಸುತ್ತಿಗೆ ಕೆಳಗಿಟ್ಟು, ಕೊನೆಯವರೆಗೂ ಕೂತು ಕೇಳುತ್ತಾಳೆ.