ಕೊನೆಯ ಹಿಡಿತ

೨೦೫೮ರ ಕಲಬುರಗಿ. ಮಧ್ಯಾಹ್ನ ನಾಲ್ಕಕ್ಕೆ ಡಾ. ಮಹಾನಂದಾ ಬೂದು ಬಣ್ಣದ ಗವಸಿನೊಳಗೆ ಬಲಗೈ ತೂರಿಸಿದಳು. ಬೀದರಿನಲ್ಲಿರುವ ತಂಗಿ ಸುಗಲಾದೇವಿಯ ಬೆಚ್ಚನೆಯ ಹಿಡಿತ ಕೂಡಲೇ ಸಿಕ್ಕಿತು. ದೂರದವರ ಕೈಯ ಒತ್ತಡವನ್ನೂ ಬಿಸಿಯನ್ನೂ ಜಾಲದ ಮೂಲಕ ಸಾಗಿಸುವ ಈ ಗವಸು ಅವಳದೇ ಸಂಶೋಧನೆ. ತಾಯಿ ತೀರಿದಾಗ ಮಣ್ಣಿಗೂ ಪ್ರಯೋಗಾಲಯ ಬಿಟ್ಟು ಬರಲಿಲ್ಲವೆಂದು ತಂಗಿ ಅವಳೊಡನೆ ಮಾತು ಬಿಟ್ಟಿದ್ದಳು. ಆದರೂ ಎರಡು ವರ್ಷದ ಹಿಂದೆ ಅಕ್ಕ ಕಳಿಸಿದ ಗವಸನ್ನು ಹಾಕಿಕೊಂಡಿದ್ದಳು. ಅಂದಿನಿಂದ ಮಹಾನಂದಾ ಕೈ ತೂರಿಸಿದಾಗಲೆಲ್ಲ ಆ ಹಿಡಿತ ಸಿಗುತ್ತಿತ್ತು. ಮಾತಿಲ್ಲದಿದ್ದರೇನು, ಕೈಯಾದರೂ ಇದೆಯಲ್ಲ ಎಂಬುದೇ ಮಹಾನಂದಾಳ ಸಮಾಧಾನ. ಅವಳಿಗೆ ಬೇರೆ ಯಾರೂ ಇರಲಿಲ್ಲ.

ಸರ್ವರ್ ನೋಡಿಕೊಳ್ಳುವ ಖಾಜಾ ಮೊಯಿನ್ ಒಳಗೆ ಬಂದ.

“ಮೇಡಂ, ಹೊಸ ಮಂದಿಗಿ ಕನೆಕ್ಷನ್ನೇ ಸಿಗವಲ್ದು. ದವಾಖಾನಿ ಸೋಂಕಿನ ವಾರ್ಡಿನಾಗ ಒಂದು ಹುಡುಗಿ ಅವ್ವನ ಕೈ ಬೇಕಂತ ಮುಂಜಾನಿಂದ ಅಳ್ಲಿಕತ್ತದ.”

ಸರ್ವರನ್ನು ನಡೆಸುವ ಲಿನಕ್ಸ್ ತಂತ್ರಾಂಶ ಪ್ರತಿ ಸಂಪರ್ಕವನ್ನೂ ತೆರೆದಿಟ್ಟ ಕಡತವೆಂದೇ ಎಣಿಸುತ್ತದೆ. ಅದಕ್ಕೊಂದು ಮಿತಿ, ಮಿತಿ ಮುಗಿದರೆ ದೇವರೇ ಬಂದರೂ ಒಳಗೆ ಬಿಡದು. ಖಾಜಾ ಪಟ್ಟಿ ತೆಗೆದ. ಅರವತ್ತೈದು ಸಾವಿರ ಸಂಪರ್ಕಗಳಲ್ಲಿ ನಲವತ್ತೊಂದು ಸಾವಿರದ ಮುಂದೆ ‘ಕ್ಲೋಸ್ ವೇಟ್’ ಎಂದಿತ್ತು. ಆಚೆಯವರು ಮುಗಿಸಿ ಹೋಗಿದ್ದಾರೆ, ಈಚೆಯ ಪ್ರೋಗ್ರಾಂ ಇನ್ನೂ ಮುಚ್ಚಿಲ್ಲ ಎಂದರ್ಥ.

“ಲಿಮಿಟ್ ಹೆಚ್ಚು ಮಾಡು.”

“ಎರಡು ಸಲ ಮಾಡೀನ್ರಿ, ಮತ್ತ ತುಂಬ್ತದ. ಸೋರಿಕಿ ನಮ್ಮ ಪ್ರೋಗ್ರಾಂನಾಗೇ ಅದ, ಮುಗಿದ ಕನೆಕ್ಷನ್ ಬಿಟ್ಟೇ ಕೊಡವಲ್ದು.”

ಸೋರಿಕೆ ಇದ್ದದ್ದು ಅವಳೇ ಬರೆದ ಎರಡು ಸಾಲುಗಳಲ್ಲಿ. ಹಿರಿಯರೊಡನೆ ಫೋನಿನಲ್ಲಿ ಮಾತಾಡುವಾಗ “ಇಡ್ಲಾ?” ಎಂದು ಕೇಳಿ, ಅವರು ಹೂಂ ಅಂದ ಮೇಲೆಯೇ ಇಡುವುದು ನಮ್ಮ ರೂಢಿ. ಅದೇ ಮರ್ಯಾದೆಗೆ, ಹಿರಿಯರು ‘ಸಾಕು’ ಗುಂಡಿ ಒತ್ತುವ ತನಕ ಸಂಪರ್ಕ ಮುಚ್ಚಕೂಡದೆಂದು ಬರೆದಿದ್ದಳು. ಜಾಲ ಒಂದೆರಡು ಕ್ಷಣ ತಪ್ಪಿದರೆ ಗಾಬರಿಯಾಗದಿರಲೆಂದು, ಕೊನೆಯ ಹಿಡಿತವನ್ನೇ ಮತ್ತೆ ಮತ್ತೆ ಕೊಡು ಎಂದೂ ಬರೆದಿದ್ದಳು. ಹೀಗಾಗಿ ಕಿರಿಯರು ಎದ್ದು ಹೋಗಿ ಎಷ್ಟೋ ದಿನವಾದರೂ ಹಿರಿಯರು ಹಳೆಯ ಹಿಡಿತವನ್ನೇ ಹಿಡಿದು ಕೂತಿದ್ದರು.

ಮಹಾನಂದಾ ಗವಸು ಹಾಕಿದ ಕೈಯನ್ನೇ ಮುಂದೆ ಚಾಚಿದಳು. “ನಂದೂ ನೋಡು.”

ಖಾಜಾ ಪಟ್ಟಿಯಲ್ಲಿ ಅವಳ ಹೆಸರು ಹುಡುಕಿ ನೋಡಿದ, ತೆರೆಯನ್ನು ತನ್ನತ್ತ ತಿರುಗಿಸಿಕೊಂಡ.

“ಹೇಳೋ.”

“ಮೊದಲ್ನೇ ದಿನಾನೇ ಬಿಟ್ಟಾರ, ಮೇಡಂ. ಹನ್ನೊಂದು ನಿಮಿಷಕ್ಕ.”

ಗವಸಿನೊಳಗೆ ಹಿಡಿತ ಹಾಗೆಯೇ ಬೆಚ್ಚಗಿತ್ತು. ಮಹಾನಂದಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

“ಎಲ್ಲಾ ಮುಚ್ಚಿದ್ರ ಅಷ್ಟೂ ಮಂದಿಗಿ ಒಮ್ಮೆಗೇ ಗೊತ್ತಾಗ್ತದ,” ಎಂದ ಖಾಜಾ.

“ಆ ಹುಡುಗಿ ಇನ್ನೆಷ್ಟೊತ್ತು ಅಳಬೇಕು? ಮೊದಲು ನಂದು ಮುಚ್ತೀನಿ.”

‘ಸಾಕು’ ಒತ್ತಿದಳು. ಗವಸು ತಣ್ಣಗಾಯಿತು. ತೆರವಾದ ಜಾಗಕ್ಕೆ ಮರುಕ್ಷಣವೇ ವಾರ್ಡಿನ ಹುಡುಗಿ ಬಂದಳು. ತೆರೆಯ ಮೇಲೆ ಅವಳ ಅವ್ವನ ಹಿಡಿತದ ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಜೀವವಿರುವ ಕೈ ಒಂದೇ ಸಮನೆ ಇರುವುದಿಲ್ಲ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವೇ, ಅಥವಾ ತನಗೇ ಬೇಡವಾಗಿತ್ತೇ ಎಂದು ಅವಳಿಗೆ ತಿಳಿಯಲಿಲ್ಲ.

ಪ್ರೋಗ್ರಾಂ ತಿದ್ದಿ, ಒಂದು ಸಾಲಿನ ಕ್ಷಮಾಪಣೆ ಕಳಿಸಿ ಉಳಿದವನ್ನೂ ಮುಚ್ಚಿದರು. ಉತ್ತರಗಳು ಸಾವಿರಗಟ್ಟಲೆ ಬಂದವು. ಬೈದವರು ಕೆಲವರೇ, ಹೆಚ್ಚಿನವರು ಕೇಳಿದ್ದು, “ಯಾವಾಗ ಬಿಟ್ಟರು?”

ಮಹಾನಂದಾ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. ತಂಗಿ ಬಾಗಿಲು ತೆಗೆಯುತ್ತಾಳೆಂಬ ಭರವಸೆ ಇರಲಿಲ್ಲ.

“ಬೀದರಿಗೆ ಬಸ್ಸು ಎಷ್ಟೊತ್ತಿಗದ, ಖಾಜಾ?”

“ತಾಸಿಗೊಂದು ಅವ, ಮೇಡಂ. ನಮ್ಮಪ್ಪನ ಕಾಲದಿಂದನೂ ಅವ.”